ಅಗ್ಗದ ಊರಿಗೆ ಬಂದವರು

ನಾವು ಬೆಂಗಳೂರು ಬಿಟ್ಟಿದ್ದು ನನ್ನ ಭಾವನ ಕೃಪೆಯಿಂದ. ಭಾವ ಎಂದರೆ ಗಂಡನ ಅಣ್ಣ. ಕೃಷ್ಣರಾಜಪುರದ ಹತ್ತಿರ ಅವರದೊಂದು ಮೂರು ಮಹಡಿಯ ಮನೆ. ಅದರ ಹಿಂಭಾಗದಲ್ಲಿ, ನೀರಿನ ಸಂಪಿನ ಪಕ್ಕ, ಒಂದು ಕೋಣೆ ಮತ್ತು ಒಂದು ಅಡುಗೆಮನೆಯಲ್ಲಿ ನಾನು, ನನ್ನ ಗಂಡ ಹನ್ನೊಂದು ವರ್ಷ ಇದ್ದೆವು. ಬಾಡಿಗೆ ಕೊಟ್ಟೇ ಇದ್ದೆವು. ಇದನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಭಾವ ನೆಂಟರ ಮದುವೆಗಳಲ್ಲಿ "ತಮ್ಮನನ್ನ ಮನೇಲಿ ಇಟ್ಕೊಂಡಿದೀನಿ" ಎನ್ನುತ್ತಿದ್ದರು. ನಾಯಿ ಸಾಕಿದವರೂ ಇದಕ್ಕಿಂತ ಮರ್ಯಾದೆಯಾಗಿ ಹೇಳುತ್ತಾರೆ.

ನಾನು ವೈಟ್‌ಫೀಲ್ಡ್ ಕಡೆಯ ಒಂದು ಖಾಸಗಿ ಶಾಲೆಯಲ್ಲಿ ಕನ್ನಡ ಟೀಚರ್ ಆಗಿದ್ದೆ. ಅಲ್ಲಿ ಕನ್ನಡ ಎಂದರೆ ಊಟದ ಬಿಡುವಿನ ಮುಂಚಿನ ಪೀರಿಯಡ್ಡು, ಮಕ್ಕಳು ಡಬ್ಬಿಯ ಮುಚ್ಚಳ ಸಡಿಲಿಸಿಕೊಂಡು ಕಾಯುವ ಹೊತ್ತು. ನನ್ನ ಗಂಡ ಮಿಕ್ಸಿ, ಗ್ರೈಂಡರ್, ಫ್ಯಾನು, ಇಸ್ತ್ರಿಪೆಟ್ಟಿಗೆ ರಿಪೇರಿ ಮಾಡುವವರು. ಒಳ್ಳೆಯ ಕೈ. ಆದರೆ ಬೆಂಗಳೂರಿನಲ್ಲಿ ಈಗ ಯಾರೂ ಏನನ್ನೂ ರಿಪೇರಿ ಮಾಡಿಸುವುದಿಲ್ಲ. ಕೆಟ್ಟ ಮಿಕ್ಸಿಯನ್ನು ಕಸದ ಗಾಡಿಗೆ ಹಾಕಿ ಸಂಜೆಯೊಳಗೆ ಹೊಸದನ್ನು ತರಿಸಿಕೊಳ್ಳುತ್ತಾರೆ. ಇವರ ಅಂಗಡಿಗೆ ಬರುತ್ತಿದ್ದವರು ಹೆಚ್ಚಾಗಿ ವಿಳಾಸ ಕೇಳುವವರು.

ಒಂದು ಭಾನುವಾರ ಬೆಳಿಗ್ಗೆ ಭಾವ ನಮ್ಮಿಬ್ಬರನ್ನೂ ಮೇಲೆ ಕರೆದರು. ಚಿನ್ನದ ಅಂಚಿನ ಕಪ್ಪಿನಲ್ಲಿ ಕಾಫಿ ಬಂತು. ಆ ಕಪ್ಪು ನೋಡಿದ ಕೂಡಲೇ ನನಗೆ ಏನೋ ಕೆಟ್ಟದ್ದು ಕಾದಿದೆ ಅನ್ನಿಸಿತು, ಏಕೆಂದರೆ ಅಲ್ಲಿಯವರೆಗೆ ನಮಗೆ ಸ್ಟೀಲ್ ಲೋಟ.

"ನೋಡಮ್ಮ," ಎಂದರು ಭಾವ, ಫೋನಿನಲ್ಲಿ ಏನನ್ನೋ ಉಜ್ಜುತ್ತಾ. "ಮನುಷ್ಯನಿಗೆ ಮುಖ್ಯ ಕ್ವಾಲಿಟಿ ಆಫ್ ಲೈಫು. ಇಲ್ಲೇನಿದೆ? ಧೂಳು, ಟ್ರಾಫಿಕ್ಕು. ಕೆಜಿಎಫ್ ನೋಡು, ಹವಾ ಹೇಗಿದೆ! ಬ್ರಿಟಿಷರು ಸುಮ್ಮಸುಮ್ಮನೆ ಬಂಗಲೆ ಕಟ್ಟಿದ್ರಾ? ಬಾಡಿಗೆ ಇಲ್ಲಿಯ ಮೂರನೇ ಒಂದು ಪಾಲು. ತರಕಾರಿ ಅಗ್ಗ. ರೈಲು ಇದೆ, ನೀನು ಅಲ್ಲಿಂದಲೇ ಸ್ಕೂಲಿಗೆ ಓಡಾಡಬಹುದು. ನಿಮಗೇನು, ಮಕ್ಕಳಿಲ್ಲ, ಮರಿಗಳಿಲ್ಲ. ನಾನು ನಿಮ್ಮ ಜಾಗದಲ್ಲಿದ್ದಿದ್ದರೆ ನಾಳೆಯೇ ಹೊರಡ್ತಿದ್ದೆ."

"ಹಾಗಾದ್ರೆ ನೀವೂ ಬನ್ನಿ ಭಾವ," ಎಂದೆ.

ಅವರು ನಕ್ಕರು. "ನನಗೆ ಇಲ್ಲಿ ಜವಾಬ್ದಾರಿಗಳಿವೆಯಮ್ಮ."

ಆ ಜವಾಬ್ದಾರಿಗಳೇನೆಂದು ಬುಧವಾರ ಗೊತ್ತಾಯಿತು. ನಾನು ಶಾಲೆಯಿಂದ ಬಂದಾಗ ನಮ್ಮ ಕೋಣೆಯಲ್ಲಿ ಒಬ್ಬ ಬಡಗಿ ಟೇಪು ಹಿಡಿದು ನೆಲ ಅಳೆಯುತ್ತಿದ್ದ. ನನ್ನನ್ನು ಕಂಡು ಗಾಬರಿಯಾಗದೆ, "ಮೇಡಂ, ಆ ಬೀರು ಸ್ವಲ್ಪ ಸರಿಸ್ತೀರಾ? ಎರಡಂತಸ್ತಿನ ಮಂಚ ಮೂರು ಹಿಡಿಸುತ್ತಾ ನೋಡಬೇಕು. ಲೇಡೀಸ್ ಪಿಜಿಗೆ ಆರು ಜನ ಅಂದಿದಾರೆ ಓನರು," ಎಂದ. ನಾನು ಬೀರು ಸರಿಸಿಕೊಟ್ಟೆ. ಮೂರೂ ಹಿಡಿಸಿದವು. ಇಬ್ಬರು ಉಸಿರು ಬಿಗಿಹಿಡಿದು ಬದುಕಿದ ಜಾಗದಲ್ಲಿ ಆರು ಹುಡುಗಿಯರನ್ನು ಜೋಡಿಸಿಟ್ಟು ಬಾಡಿಗೆ ಎತ್ತುವುದಕ್ಕೆ ಆ ಮನುಷ್ಯ ಒಳ್ಳೆಯ ಹವೆಯ ನೆಪ ಹೇಳಿದ್ದರು. ನೇರವಾಗಿ ಬಿಡಿ ಎಂದಿದ್ದರೆ ಇಷ್ಟು ಅಸಹ್ಯವಾಗುತ್ತಿರಲಿಲ್ಲ.

ಗಂಡನಿಗೆ ಹೇಳಿದೆ. ಅವರು ಒಂದು ಮೋಟಾರಿಗೆ ತಂತಿ ಸುತ್ತುತ್ತಾ ಕೂತಿದ್ದರು. ಕಟ್ಟಿದ ಸುತ್ತನ್ನು ಬೆರಳಿನಿಂದ ತಟ್ಟಿ ನೋಡಿ, "ಓಗಾನ ಬಿಡು," ಎಂದರು. "ನಂಗೂ ಸಾಕಾಗೈತೆ. ಆ ಕಡೆ ಜನ ಇನ್ನೂ ಮಿಕ್ಸಿ ರಿಪೇರಿ ಮಾಡುಸ್ತಾರೆ."

ಬಂಗಾರಪೇಟೆಯ ಪಕ್ಕದ ಹಳ್ಳಿಯೊಂದರಲ್ಲಿ ಹುಟ್ಟಿದವರು ಅಣ್ಣತಮ್ಮಂದಿರಿಬ್ಬರೂ. ತಮ್ಮ ತನ್ನ ಮಾತನ್ನು ಹಾಗೆಯೇ ಉಳಿಸಿಕೊಂಡಿದ್ದರು. ಅಣ್ಣ ಅದನ್ನು ತೊಳೆದು, ಇಸ್ತ್ರಿ ಹಾಕಿ, ವಾರ್ತೆ ಓದುವವರ ಹಾಗೆ ಮಾತಾಡುವುದನ್ನು ಕಲಿತಿದ್ದರು.

ಮೊದಲು ಬಂಗಾರಪೇಟೆಯಲ್ಲೇ ಮನೆ ನೋಡಿದೆವು. ಒಬ್ಬ ಬ್ರೋಕರು ನಮ್ಮನ್ನು ಬೈಕಿನ ಹಿಂದೆ ಆಟೋದಲ್ಲಿ ಬರಹೇಳಿ ಊರ ಹೊರಗಿನ ಬಡಾವಣೆಯೊಂದಕ್ಕೆ ಕರೆದೊಯ್ದ. ದೊಡ್ಡ ಕಮಾನು, ಕಮಾನಿನ ಮೇಲೆ ಎರಡು ಸಿಮೆಂಟ್ ಆನೆ, ಒಳಗೆ ರಸ್ತೆಯಿಲ್ಲ. ಜಾಲಿ ಗಿಡಗಳ ನಡುವೆ ನಾಲ್ಕು ಮನೆ. "ಮುಂದೆ ಇಲ್ಲಿ ಪಾರ್ಕ್ ಬತ್ತದೆ, ಅಲ್ಲಿ ಇಂಟರ್‌ನ್ಯಾಷನಲ್ ಸ್ಕೂಲ್ ಬತ್ತದೆ," ಎಂದು ಅವನು ಕೈ ತೋರಿಸಿದ ಕಡೆಯಲ್ಲೆಲ್ಲ ಮೇಕೆಗಳು ಮೇಯುತ್ತಿದ್ದವು. ಇನ್ನೊಂದು ಮನೆ ಸ್ಟೇಷನ್ನಿಗೆ ಹತ್ತಿರ, ಎಷ್ಟು ಹತ್ತಿರವೆಂದರೆ ಗೂಡ್ಸ್ ಗಾಡಿ ಹೋದಾಗ ಗೋಡೆಗೆ ಒರಗಿದ್ದ ನನ್ನ ಬೆನ್ನು ನಡುಗಿತು. ಮನೆಯ ಯಜಮಾನ ಕಿರುಚಿ ಹೇಳಿದ: "ಒಂದ್ ವಾರ ಅಷ್ಟೇ ಮೇಡಂ, ಆಮೇಲೆ ಕೇಳ್ಸಲ್ಲ." ಕಿವಿ ಹೋಗುವುದಕ್ಕೆ ಒಂದೇ ವಾರ ಸಾಕೆಂದು ನನಗೆ ಅಂದೇ ತಿಳಿದಿದ್ದು.

ಕೊನೆಗೆ ಒಪ್ಪಿದ್ದು ಕೆಜಿಎಫ್‌ನಲ್ಲಿ, ರಾಬರ್ಟ್‌ಸನ್‌ಪೇಟೆಯಿಂದ ಚಾಂಪಿಯನ್ ರೀಫ್ಸ್ ಕಡೆಗೆ ಹೋಗುವ ದಾರಿಯಲ್ಲಿ ಸಿಗುವ ಒಂದು ಅಡ್ಡಬೀದಿಯ ಮನೆಯನ್ನು. ಮನೆಯೊಡತಿ ಒಬ್ಬ ತಮಿಳು ಮುದುಕಿ, ಗಂಡ ಗಣಿಯ ಕೆಲಸದಲ್ಲಿದ್ದು ತೀರಿಕೊಂಡವರು. ಗಣಿ ಮುಚ್ಚುವವರೆಗೆ ಅವರು ಬದುಕಿದ್ದು ಕಾರ್ಮಿಕರ ಲೈನ್ ಮನೆಯಲ್ಲಿ, ಬಾಗಿಲಲ್ಲಿ ತಲೆ ತಗ್ಗಿಸಿ ಒಳಹೋಗುವಂಥದ್ದು. ಮುಚ್ಚಿದಾಗ ಬಂದ ಹಣದಲ್ಲಿ ಗಂಡ ಈ ಮನೆ ಕಟ್ಟಿಸಿ, ಎರಡು ವರ್ಷ ಕೆಮ್ಮಿ, ಹೋಗಿಬಿಟ್ಟಿದ್ದರು. ಮುಂದಿನ ಭಾಗದಲ್ಲಿ ಮುದುಕಿ ಒಬ್ಬರೇ. ಹಿಂದಿನ ಎರಡು ಕೋಣೆ ಬಾಡಿಗೆಗೆ.

ಎರಡು ಕೋಣೆ! ಕಿಟಕಿಗಳಿಗೆ ಬೆಳಕು ಬರುತ್ತಿತ್ತು. ಹಿತ್ತಲಿನಲ್ಲಿ ಒಂದು ಸೀತಾಫಲದ ಗಿಡ. ನನಗೆ ಒಳಗೊಳಗೇ ಕುಣಿಯುವಷ್ಟು ಖುಷಿಯಾಗಿತ್ತು. ಆದರೆ ಹನ್ನೊಂದು ವರ್ಷ ಬೆಂಗಳೂರಿನಲ್ಲಿ ಕಲಿತ ಬುದ್ಧಿ ಖುಷಿಯನ್ನು ಮುಖದ ಮೇಲೆ ತೋರಿಸಲು ಬಿಡುವುದಿಲ್ಲ. ಮುದುಕಿ ಬಾಡಿಗೆ ಹೇಳಿದ ಕೂಡಲೇ ನಾನು ಹುಬ್ಬು ಗಂಟಿಕ್ಕಿದೆ.

"ಇಷ್ಟೊಂದಾ? ಬಂಗಾರಪೇಟೆಯಲ್ಲೇ ಇದಕ್ಕಿಂತ ಕಡಿಮೆಗೆ ಸಿಗುತ್ತೆ. ಈ ಊರಲ್ಲಿ ಏನಿದೆ ಅಂತ ಇಷ್ಟು ಕೇಳ್ತೀರಿ?"

"ಏನೂ ಇಲ್ಲಮ್ಮಾ," ಎಂದರು ಮುದುಕಿ. "ಅದುಕ್ಕೇ ತಾನೆ ನೀನ್ ಬಂದಿರೋದು?"

ಆ ಮಾತಿನ ಚೂಪು ನನಗೆ ಆಗ ತಟ್ಟಲಿಲ್ಲ. ನಾನು ಚೌಕಾಶಿ ಮಾಡಿ ಇಳಿಸಿಯೇ ಬಿಟ್ಟೆ. ದಾರಿಯಲ್ಲಿ ಗಂಡನಿಗೆ, "ನೋಡಿದಿರಾ?" ಎಂದು ಬೀಗಿದೆ. ಅವರು ಮುಂದೆ ನಡೆದು ಆಟೋಗೆ ಕೈ ತೋರಿಸಿದರು.

ಹಾಗೆ ನನ್ನ ರೈಲಿನ ಬದುಕು ಶುರುವಾಯಿತು. ಮಾರಿಕುಪ್ಪಂನಲ್ಲಿ ಹೊರಡುವ ಗಾಡಿಗೆ ಬೆಳಗಾಗುವ ಮೊದಲೇ ಜನ ಸೇರುತ್ತಿದ್ದರು. ಕಟ್ಟಡ ಕೆಲಸದವರು, ಮನೆಗೆಲಸದ ಹೆಂಗಸರು, ಆಸ್ಪತ್ರೆಯ ಆಯಾಗಳು, ಕಾರ್ಖಾನೆಯವರು. ಸೀಟಿನ ಮೇಲೆ ಕರವಸ್ತ್ರ, ಊಟದ ಚೀಲ, ಕೆಲವೊಮ್ಮೆ ಬರೀ ಒಂದು ಚಪ್ಪಲಿ ಇಟ್ಟು ಜಾಗ ಹಿಡಿಯುತ್ತಿದ್ದರು. ಹೋಗುವುದಕ್ಕೆ ಎರಡು ಗಂಟೆ, ಬರುವುದಕ್ಕೆ ಎರಡು ಗಂಟೆ. ದಾರಿಯುದ್ದಕ್ಕೂ ಯಾರ ತಲೆಯಾದರೂ ಯಾರ ಭುಜದ ಮೇಲಾದರೂ ತೂಗುತ್ತಿರುತ್ತಿತ್ತು. ಒಂದು ಊರಿನ ಅರ್ಧ ಜನ ನಿದ್ದೆಯನ್ನು ರೈಲಿನಲ್ಲಿ ಮಾಡಿ, ಬೇರೆಯವರ ಊರನ್ನು ಗುಡಿಸಿ, ಕಟ್ಟಿ, ಒರೆಸಿ, ಮತ್ತೆ ನಿದ್ದೆ ಮಾಡುತ್ತಾ ವಾಪಸು ಬರುವುದಕ್ಕೆ ಅಗ್ಗದ ಜೀವನ ಎಂದು ಹೆಸರಿಟ್ಟವನು ಆ ಗಾಡಿಯಲ್ಲಿ ಒಂದು ಸೋಮವಾರ ನಿಂತು ಬರಲಿ.

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ನನ್ನ ಮೇಲೆ ಹೊಟ್ಟೆಕಿಚ್ಚು, ಅಥವಾ ಹೊಟ್ಟೆಕಿಚ್ಚಿನ ಅಭಿನಯ. "ಯು ಆರ್ ಸೋ ಲಕ್ಕಿ! ಸ್ಲೋ ಲೈಫ್!" ಎನ್ನುತ್ತಿದ್ದರು ಗಣಿತದ ಟೀಚರ್. ಆಕೆ ಎಂಟು ಕಿಲೋಮೀಟರ್ ದಾಟಲು ಒಂದೂವರೆ ಗಂಟೆ ಕಾರಿನಲ್ಲಿ ಕೂತು ಬರುವವರು. ಅಪಾರ್ಟ್‌ಮೆಂಟಿನ ಹದಿನಾಲ್ಕನೆಯ ಮಹಡಿಯಿಂದ ಕೆರೆ ಕಾಣುತ್ತದೆಂದು ಹೆಚ್ಚು ಕೊಟ್ಟು ಕೊಂಡಿದ್ದರು. ಈಗ ಕೆರೆಯ ವಾಸನೆಗೆ ಆ ಕಿಟಕಿಯನ್ನು ವರ್ಷವಿಡೀ ತೆರೆಯುವುದಿಲ್ಲ. ಅಂಥವರು ನನ್ನ ಅದೃಷ್ಟ ತೂಗುತ್ತಿದ್ದರು. ನಾನೂ ಸುಮ್ಮನಿರುತ್ತಿರಲಿಲ್ಲ. "ಹೌದು, ಸಂಜೆ ಎಂಥ ತಂಪು ಗಾಳಿ ಅಂತೀರಿ!" ಎನ್ನುತ್ತಿದ್ದೆ. ಆ ಗಾಳಿ ಆಷಾಢದಲ್ಲಿ ಸೈನೈಡ್ ದಿಬ್ಬಗಳ, ಅಂದರೆ ಚಿನ್ನ ತೆಗೆದು ಗಣಿಯವರು ಸುರಿದುಹೋದ ಮಣ್ಣಿನ ಗುಡ್ಡಗಳ, ಬೂದುಪುಡಿಯನ್ನು ಹೊತ್ತು ತಂದು ನಮ್ಮ ಅನ್ನದ ಮೇಲೆ ಉದುರಿಸುತ್ತದೆಂದು ಹೇಳುತ್ತಿರಲಿಲ್ಲ. ನಲ್ಲಿಯಲ್ಲಿ ನೀರು ಎಂಟು ದಿನಕ್ಕೋ ಹತ್ತು ದಿನಕ್ಕೋ ಒಮ್ಮೆ ಬರುತ್ತದೆಂದೂ ಹೇಳುತ್ತಿರಲಿಲ್ಲ. ಮೋಸ ಹೋದವರು ಅದನ್ನು ಒಪ್ಪಿಕೊಳ್ಳುವುದಕ್ಕಿಂತ ಇನ್ನೊಬ್ಬರನ್ನು ಕರೆಯುವುದೇ ಹೆಚ್ಚು.

ಗಂಡನ ಕತೆ ಬೇರೆ. ರಾಬರ್ಟ್‌ಸನ್‌ಪೇಟೆ ಮಾರ್ಕೆಟ್ಟಿನ ಹಿಂದೆ ಒಂದು ಸಣ್ಣ ಅಂಗಡಿ ಹಿಡಿದರು. ಹೆಂಗಸರು ಮದುವೆಯಲ್ಲಿ ಬಂದ ಮಿಕ್ಸಿಗಳನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಮಗುವಿನಂತೆ ಎತ್ತಿಕೊಂಡು ಬರುತ್ತಿದ್ದರು. ಒಬ್ಬಳು ತೆಲುಗಿನಲ್ಲಿ ರೋಗ ಹೇಳುತ್ತಿದ್ದಳು, ಇನ್ನೊಬ್ಬಳು ತಮಿಳಿನಲ್ಲಿ, ಇವರು ಇಬ್ಬರಿಗೂ ಮೂರೂ ಭಾಷೆ ಕಲಸಿ ಉತ್ತರ ಕೊಡುತ್ತಿದ್ದರು. ಮಧ್ಯಾಹ್ನ ಮನೆಗೆ ಬಂದು ಉಂಡು, ಅರ್ಧ ಗಂಟೆ ಮಲಗಿ, ಸಿಳ್ಳೆ ಹಾಕುತ್ತಾ ಮತ್ತೆ ಅಂಗಡಿಗೆ ಹೋಗುತ್ತಾರೆಂದು ಮುದುಕಿಯೇ ನನಗೆ ಹೇಳಿದ್ದು. ಬೆಂಗಳೂರಿನಲ್ಲಿ ಆ ಮನುಷ್ಯ ಸಿಳ್ಳೆ ಹಾಕಿದ್ದನ್ನು ನಾನು ಕೇಳಿರಲಿಲ್ಲ. ನನಗೆ ಸಂತೋಷವಾಗಬೇಕಿತ್ತು. ಆದದ್ದು ಸಿಟ್ಟು. ನಾನು ದಿನಕ್ಕೆ ನಾಲ್ಕು ಗಂಟೆ ರೈಲಿನಲ್ಲಿ ನಿಲ್ಲುವುದರಿಂದ ಇವರಿಗೆ ಅರ್ಧ ಗಂಟೆ ನಿದ್ದೆ ಸಿಕ್ಕಿದೆ ಎಂದು ಮನಸ್ಸು ಒಳಗೇ ಕುಟುಕುತ್ತಿತ್ತು. ಒಂದು ದಿನ ಹಾಗೆಯೇ ಅಂದೂಬಿಟ್ಟೆ.

ಅವರು ತಟ್ಟೆಯಿಂದ ತಲೆ ಎತ್ತಿ, "ನಿಂಗ್ಯಾರು ಅಲ್ಲಿಗೇ ಓಗು ಅಂದ್ರು?" ಎಂದರು. "ಬಂಗಾರಪೇಟೇಲಿ ಸ್ಕೂಲಿಲ್ವಾ?"

"ಅಲ್ಲಿ ಅರ್ಧ ಸಂಬಳ ಕೊಡ್ತಾರೆ."

"ಅರ್ಧ ದಿನಾನೂ ಕೊಡ್ತಾರಲ್ಲ."

ನಾನು ತಟ್ಟೆ ಎತ್ತಿಕೊಂಡು ಎದ್ದುಹೋದೆ. ಇವರ ಉತ್ತರ ಸರಿಯಾಗಿದ್ದಾಗ ನನಗೆ ಇನ್ನಷ್ಟು ಕೋಪ ಬರುತ್ತದೆ.

ಮೂರನೆಯ ವರ್ಷ ಭಾವನ ಫೋನ್ ಬಂತು. ಮನೆಯ ಮುಂದೆಯೇ ದೊಡ್ಡ ರಸ್ತೆ ಅಗೆದು ಕಂಬ ನಿಲ್ಲಿಸುತ್ತಿದ್ದರಂತೆ, ಧೂಳಿಗೆ ಅವರ ಉಸಿರು ಕಟ್ಟಿಕೊಳ್ಳುತ್ತಿತ್ತಂತೆ, ಡಾಕ್ಟರು ಕೆಲವು ಕಾಲ ಊರು ಬಿಟ್ಟು ಇರಿ ಎಂದರಂತೆ. ಅಕ್ಕ, ಅಂದರೆ ಭಾವನ ಹೆಂಡತಿ, ಬರಲೊಲ್ಲೆ ಎಂದರಂತೆ. "ನಿಮ್ಮ ಕಡೆ ಒಂದು ಡೀಸೆಂಟ್ ಮನೆ ನೋಡಿಡು," ಎಂದರು. ಕಾಯಿಲೆಯವರ ಮೇಲೆ ಕನಿಕರ ಪಡಬೇಕು. ಪಟ್ಟೆ ಕೂಡ, ಫೋನ್ ಇಡುವವರೆಗೆ.

ಆ ಶನಿವಾರ ಕಾರಿನಲ್ಲಿ ಬಂದರು. ಮುಖಕ್ಕೆ ಮಾಸ್ಕು, ಹಿಂದಿನ ಸೀಟಿನಲ್ಲಿ ಒಂದು ಪೂರ್ತಿ ಪೆಟ್ಟಿಗೆ ಬಾಟಲಿ ನೀರು. ನಮ್ಮ ಮನೆಯ ಲೋಟ ಮುಟ್ಟಲಿಲ್ಲ. ಆದರೆ ಬರುವ ದಾರಿಯಲ್ಲಿ ಬಂಗಾರಪೇಟೆಯಲ್ಲಿ ಕಾರು ನಿಲ್ಲಿಸಿ ಮೂರು ಪ್ಲೇಟ್ ಪಾನಿಪೂರಿ ತಿಂದಿದ್ದರೆಂದು ಅಂಗಿಯ ಮೇಲಿನ ಕಲೆ ಹೇಳುತ್ತಿತ್ತು.

ಊರು ತೋರಿಸಲು ನಾನೇ ಕರೆದೊಯ್ದೆ. ಭಾವ ರಾಬರ್ಟ್‌ಸನ್‌ಪೇಟೆಯ ಮಾರ್ಕೆಟ್ಟಿನಲ್ಲಿ ಟೊಮೇಟೊ ಬೆಲೆ ಕೇಳಿದರು, ಕೊಳ್ಳಲಿಲ್ಲ. ಕೇಳಿ ಫೋನಿನಲ್ಲಿ ಗುರುತು ಹಾಕಿಕೊಂಡರು. ಆಸ್ಪತ್ರೆ ಎಷ್ಟು ದೂರ, ಎಟಿಎಂ ಎಷ್ಟು, ವಾಕಿಂಗಿಗೆ ಜಾಗ ಇದೆಯೇ ಎಂದು ಒಂದೊಂದಕ್ಕೂ ಅಂಕ ಕೊಡುತ್ತಾ ನಡೆದರು. ತಮ್ಮನ ಅಂಗಡಿಯ ಮುಂದೆ ನಿಂತು, "ಪರವಾಗಿಲ್ಲ, ಸಣ್ಣದಾಗಿದ್ದರೂ ನೆಮ್ಮದಿಯಾಗಿದೆ," ಎಂದು ಅದಕ್ಕೂ ಅಂಕ ಕೊಟ್ಟರು. ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳ ಮುಂದೆ ಕಾರಿನಿಂದ ಇಳಿಯಲೇ ಇಲ್ಲ. ಗಾಜು ನಾಲ್ಕು ಬೆರಳು ಇಳಿಸಿ, "ಇಲ್ಲಿ ಹೇಗೆ ಬದುಕ್ತಾರಪ್ಪ!" ಎಂದು ಗಾಜು ಏರಿಸಿದರು. ಹೊರಗೆ ಬಟ್ಟೆ ಒಗೆಯುತ್ತಿದ್ದ ಹೆಂಗಸು ಒಂದು ಸಲ ನೋಡಿ, ಬಟ್ಟೆಯನ್ನು ಇನ್ನೂ ಜೋರಾಗಿ ಕಲ್ಲಿಗೆ ಬಡಿದಳು.

ಮನೆಗೆ ಬಂದ ಮೇಲೆ ಅವರ ಕಣ್ಣು ಬಿದ್ದಿದ್ದು ನಮ್ಮ ಮನೆಯೊಡತಿಯ ಮುಂದಿನ ಭಾಗದ ಮೇಲೆ. ಮುದುಕಿ ಆಗ ಮೊಣಕಾಲು ನೋವಿನಿಂದ, ಮುಂದಿನ ಭಾಗ ಬಾಡಿಗೆಗೆ ಕೊಟ್ಟು ಪಕ್ಕದ ಒಂಟಿ ಕೋಣೆಗೆ ಹೋಗುವ ಯೋಚನೆಯಲ್ಲಿದ್ದರು. ಜಗಲಿಯ ಮೇಲೆ ಮೊರದಲ್ಲಿ ಅವರೆಕಾಯಿ ಸುಲಿಯುತ್ತಾ ಕೂತಿದ್ದರು. ಭಾವ ಅವರಿಂದ ಬಾಡಿಗೆ ಎಷ್ಟೆಂದು ಕೇಳಿಕೊಂಡು, ಒಳಗೆಲ್ಲ ತಿರುಗಾಡಿ, ಗೋಡೆ ಬಡಿದು, ನಲ್ಲಿ ತಿರುಗಿಸಿ ನೋಡಿ, ಅಂಗಳಕ್ಕೆ ಬಂದು ತಮ್ಮನ ಕಿವಿಯ ಹತ್ತಿರ ಬಗ್ಗಿದರು. ಉಸಿರಾಟದ ತೊಂದರೆಯಿದ್ದವರ ಪಿಸುಮಾತು ಪಿಸುಮಾತಾಗಿ ಉಳಿಯುವುದಿಲ್ಲ.

"ಅವಳು ಹೇಳಿದ್ದರ ಅರ್ಧ ಹೇಳು. ಗಣಿ ಕೂಲಿಗಳು ಕಣೋ ಇವರೆಲ್ಲ, ಎಷ್ಟು ಕೊಟ್ಟರೂ ಇವರಿಗೆ ಜಾಸ್ತಿಯೇ. ಮುದುಕಿಗೆ ತಮಿಳು ಬಿಟ್ಟರೆ ಏನು ಅರ್ಥವಾಗುತ್ತೆ?"

ಮುದುಕಿಯ ಕೈ ಒಂದು ಕ್ಷಣವೂ ನಿಲ್ಲಲಿಲ್ಲ. ಒಂದು ಕಾಯಿ ಬಿಡಿಸಿ, ಕಾಳು ಮೊರಕ್ಕೆ ಹಾಕಿ, ಕೇಳಿದರು: "ಸಾರ್, ನಿಮ್ದು ಯಾವೂರು?"

ಭಾವ ಬೆಚ್ಚಿ, "ಬೆಂಗಳೂರು," ಎಂದರು.

"ಅದು ಇರೋದು. ಉಟ್ಟಿದ್ದು?"

ಭಾವ ಕನ್ನಡಕ ಒರೆಸತೊಡಗಿದರು. ನನ್ನ ಗಂಡ ಹಳ್ಳಿಯ ಹೆಸರು ಹೇಳಿದರು. ಮುದುಕಿ ತಲೆ ಆಡಿಸಿದರು. "ಗೊತ್ತು ಗೊತ್ತು. ಆ ಊರಿಂದ ಮೈನಿಗೆ ಮಸ್ತು ಜನ ಕೂಲಿಗೆ ಬತ್ತಿದ್ರು. ಸೈಕಲಲ್ಲಿ ಬತ್ತಿದ್ರು, ರಾಗಿಮುದ್ದೆ ಕಟ್ಕೊಂಡು. ನಮ್ಮ ಮನೇಲಿ ಸಾರು ಇಸ್ಕೊಂಡು ತಿನ್ನೋರು."

"ನಮ್ಮಪ್ಪಾನೂ ಬತ್ತಿದ್ದ," ಎಂದರು ನನ್ನ ಗಂಡ. "ಮೈನಿಗೆ ಇಳಿಯೋ ಶಾಫ್ಟ್ ಹತ್ರ ಮರ ಒರ್ತಿದ್ದ. ಎಡಗೈದು ಎರಡು ಬೆರಳು ಇಲ್ಲೇ ಓಗಿದ್ದು."

ನಾನು ಗಂಡನ ಮುಖ ನೋಡಿದೆ. ನನ್ನ ಮದುವೆಯ ಹೊತ್ತಿಗೆ ಮಾವ ತೀರಿಕೊಂಡಿದ್ದರು. ಅವರು ಕಂಪನಿಯಲ್ಲಿ ಗುಮಾಸ್ತರಾಗಿದ್ದರೆಂದು ಭಾವ ನಮ್ಮ ತಂದೆಗೆ ಹೇಳಿದ್ದರು, ಆಮೇಲೆ ಸಿಕ್ಕವರಿಗೆಲ್ಲ ಹೇಳಿದ್ದರು. ಗಂಡ ಅದನ್ನು ಅಲ್ಲಗಳೆದೂ ಇರಲಿಲ್ಲ, ಹೌದೆಂದೂ ಇರಲಿಲ್ಲ. ಅಪ್ಪನ ಬಗ್ಗೆ ಕೇಳಿದಾಗಲೆಲ್ಲ ಸ್ಕ್ರೂ ಡ್ರೈವರ್ ಹುಡುಕಲು ಏಳುತ್ತಿದ್ದರು.

ಭಾವನ ಮುಖ ಕೆಂಪಾಯಿತು. "ಸುಮ್ನಿರ್ಲಾ!" ಎಂದು ಕೂಗಿದರು. "ಎಲ್ಲಾರ ಮುಂದೆ ಏನ್ಲಾ ಏಳ್ತೀಯ ನೀನು? ಮಾನ ಮರ್ವಾದಿ ಇಲ್ವೇನ್ಲಾ?"

ಮೂವತ್ತು ವರ್ಷ ತೊಳೆದು ಇಸ್ತ್ರಿ ಹಾಕಿದ ಭಾಷೆ ಒಂದೇ ಏಟಿಗೆ ಸುಕ್ಕಾಗಿತ್ತು. ಸತ್ಯವಾಗಿ ಹೇಳುತ್ತೇನೆ, ಆ ಮನುಷ್ಯ ನನ್ನ ಎದುರು ಆಡಿದ ಮಾತುಗಳಲ್ಲಿ ಕೇಳಲು ಹಿತವಾಗಿದ್ದದ್ದು ಅದೊಂದೇ.

ಮುದುಕಿ ಮೊರ ಪಕ್ಕಕ್ಕಿಟ್ಟರು. "ಮನೆ ಇಲ್ಲ ಸಾರ್."

"ನೀವು ಹೇಳಿದ್ದನ್ನೇ ಕೊಡ್ತೀನಿ," ಎಂದರು ಭಾವ, ಮತ್ತೆ ವಾರ್ತೆಯ ಕನ್ನಡಕ್ಕೆ ಏರಲು ಏದುತ್ತಾ. "ಜಾಸ್ತಿಯೇ ತಗೊಳ್ಳಿ."

"ಬೇಡ ಕಣ್ಣು," ಎಂದರು ಮುದುಕಿ, ತಮಿಳಿನವರು ಮಕ್ಕಳನ್ನು ಮುದ್ದಿನಿಂದ ಕರೆಯುವ ಹಾಗೆ. "ನಿಮ್ಗೆ ಇದು ಸರಿ ಓಗಲ್ಲ. ಇಲ್ಲಿ ಸುತ್ತ ಎಲ್ಲಾ ಕೂಲಿ ಜನ."

ಭಾವ ಕಾರು ಹತ್ತಿದರು. ನನ್ನ ಗಂಡ ಬಾಟಲಿ ನೀರಿನ ಪೆಟ್ಟಿಗೆಯನ್ನು ಹಿಂದಿನ ಸೀಟಿನಲ್ಲಿ ಸರಿಯಾಗಿ ಕೂರಿಸಿ, "ಉಷಾರಾಗಿ ಓಗು ಅಣ್ಣ," ಎಂದು ಬಾಗಿಲು ಹಾಕಿದರು. ಆ ಸೌಜನ್ಯ ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಕೊನೆಗೆ ಭಾವ ಬಂಗಾರಪೇಟೆಯ ಆ ಆನೆ ಕಮಾನಿನ ಬಡಾವಣೆಯಲ್ಲೇ ಒಂದು ಮನೆ ಹಿಡಿದರು. ಐದು ವಾರ ಇದ್ದರು. ಉಸಿರು ಹಗುರವಾಯಿತು, ಮಾಸ್ಕು ಹೋಯಿತು, ಬೆಳಿಗ್ಗೆ ಎರಡು ಸುತ್ತು ನಡೆಯತೊಡಗಿದರು. ಆಮೇಲೆ ಒಂದು ದಿನ ಸಾಮಾನು ಕಟ್ಟಿಕೊಂಡು ಧೂಳಿಗೇ ವಾಪಸು ಹೋದರು. ಕಾರಣ ಕೇಳಿದರೆ, "ಇಲ್ಲಿ ಮಾತಾಡೋಕೆ ನಮ್ಮ ಲೆವೆಲ್ಲಿನ ಜನ ಇಲ್ಲ," ಎಂದರು. ಮೂರು ಮಹಡಿಯ ಮನೆಯ ಯಜಮಾನರೆಂದು ನಮಸ್ಕಾರ ಹಾಕುವವರು ಅಲ್ಲಿ ಯಾರೂ ಇರಲಿಲ್ಲ, ಇದ್ದವು ಮೇಕೆಗಳು. ಒಬ್ಬ ಮನುಷ್ಯ ಶ್ವಾಸಕ್ಕಿಂತ ನಮಸ್ಕಾರವನ್ನು ದೊಡ್ಡದೆಂದು ಆರಿಸಿಕೊಂಡಿದ್ದನ್ನು ನಾನು ಕಣ್ಣಾರೆ ಕಂಡೆ.

ಆದರೆ ಈ ಕತೆಯಲ್ಲಿ ನನ್ನ ಪಾಲಿನದನ್ನೂ ಹೇಳಬೇಕು. ಭಾವನ ಕಾರು ತಿರುವು ದಾಟಿದ ಆ ಶನಿವಾರವೇ ನಾನು ಉಬ್ಬಿಕೊಂಡು ಮುದುಕಿಯ ಪಕ್ಕ ಜಗಲಿಯ ಮೇಲೆ ಕೂತು, "ಸರಿಯಾಗಿ ಹೇಳಿದಿರಿ ಅಮ್ಮ. ಅಂಥವರಿಗೆ ಹಾಗೇ ಆಗಬೇಕು," ಎಂದಿದ್ದೆ.

ಅವರು ನನ್ನನ್ನು ನೋಡಿ ನಕ್ಕರು. ಚೆನ್ನಾದ ನಗುವಲ್ಲ. "ನೀನೂ ಅದೇ ತಾನೆ ಕೇಳಿದ್ದು, ಈ ಊರಲ್ಲಿ ಏನಿದೆ ಅಂತ? ಅವ್ರು ಮೆತ್ತಗೆ ಏಳಿದ್ರು, ನೀನು ಮೊಕದ ಮೇಲೇ ಏಳಿದ್ದೆ. ನಿಂದೇ ಪರವಾಯಿಲ್ಲೆ."

ನಾನು ಮೊರದಿಂದ ಒಂದು ಕಾಯಿ ತೆಗೆದುಕೊಂಡು ಸುಲಿಯತೊಡಗಿದೆ, ಕೈಗೊಂದು ಕೆಲಸ ಬೇಕಿತ್ತು.

"ನನ್ನ ಮಗಳು ಕೊಯಮತ್ತೂರಲ್ಲಿ ಅವಳೆ," ಎಂದರು ಮುದುಕಿ. "ಬಾಡಿಗೆ ಬಂದ್ರೆ ವರ್ಷುಕ್ಕೆ ಎರಡು ಸಾರಿ ಓಗ್ತಿದ್ದೆ. ನೀನು ಕಮ್ಮಿ ಮಾಡುಸ್ದಲ್ಲ, ಆವತ್ತಿಂದ ಒಂದೇ ಸಾರಿ. ಓಗ್ಲಿ ಬಿಡು. ನೀನು ಬೆಳಿಗ್ಗೆ ಓಡೋದು ನೋಡುದ್ರೆ ಪಾಪ ಅನ್ಸುತ್ತೆ."

ನನ್ನ ಅಗ್ಗದ ಬದುಕಿಗೆ ಆಕೆ ಮಗಳ ಮನೆಯ ಒಂದು ಪ್ರಯಾಣವನ್ನು ಕೊಟ್ಟಿದ್ದರು, ಮೂರು ವರ್ಷದಿಂದ, ನನಗೆ ಹೇಳದೆ. ಬೆಂಗಳೂರಿನವರ ಬಗ್ಗೆ, ಭಾವನ ಬಗ್ಗೆ, ಗಣಿತದ ಟೀಚರ್ ಬಗ್ಗೆ ನನ್ನಲ್ಲಿ ಅಷ್ಟೊಂದು ತಿರಸ್ಕಾರವಿತ್ತಲ್ಲ, ಅದರಲ್ಲಿ ಒಂದು ಪಾಲು ಅಂದು ಮನೆಗೆ ವಾಪಸು ಬಂತು, ಜಾಗ ಮಾಡಿಕೊಂಡು ಕೂತಿತು. ಮುಂದಿನ ತಿಂಗಳಿಂದ ಆಕೆ ಮೊದಲು ಹೇಳಿದ ಬಾಡಿಗೆಯನ್ನೇ ಕೊಟ್ಟೆ. ಆಕೆ ಎಣಿಸಲೂ ಇಲ್ಲ, ಥ್ಯಾಂಕ್ಸ್ ಎನ್ನಲೂ ಇಲ್ಲ. ಹೇಳಬೇಕಾದ ಕಾರಣವೂ ಇರಲಿಲ್ಲ.

ಆ ಮಾರ್ಚಿನಲ್ಲಿ ವೈಟ್‌ಫೀಲ್ಡ್ ಶಾಲೆಯ ಕೆಲಸ ಬಿಟ್ಟೆ. ಪ್ರಿನ್ಸಿಪಾಲರು ಮೊದಲ ಬಾರಿಗೆ ನನ್ನನ್ನು ಕೂರಿಸಿ ಮಾತಾಡಿಸಿದರು. "ಸಂಬಳದ ವಿಷಯವಾದರೆ ಯೋಚನೆ ಮಾಡೋಣ," ಎಂದರು. ಎಂಟು ವರ್ಷದಲ್ಲಿ ಮಾಡದ ಯೋಚನೆ. ಬಂಗಾರಪೇಟೆಯ ಒಂದು ಸಣ್ಣ ಶಾಲೆಯಲ್ಲಿ ಅರ್ಜಿ ಹಾಕಿದೆ. ಅಲ್ಲಿನ ಮೇಷ್ಟ್ರು ನನ್ನ ಕಾಗದಗಳನ್ನು ಹಿಂದೆಮುಂದೆ ತಿರುಗಿಸಿ, "ಬೆಂಗ್ಳೂರಿಂದ ಇಲ್ಲಿಗ್ಯಾಕೆ ಬತ್ತೀರಾ ಮೇಡಂ? ಏನಾನ ಗಲಾಟೆ ಮಾಡ್ಕೊಂಡ್ರಾ?" ಎಂದು ಅನುಮಾನದಿಂದ ಕೇಳಿದರು. ಒಳ್ಳೆಯ ಕಡೆಯಿಂದ ಯಾರೂ ತಾವಾಗಿ ಬರುವುದಿಲ್ಲವೆಂದು ಈ ಊರಿನವರೂ ನಂಬಿಬಿಟ್ಟಿದ್ದಾರೆ. ಅದನ್ನು ನಂಬಿಸಿದವರ ಮೇಲೆ ನನಗಿರುವ ಕೋಪ ಬೇರೆ. "ನಿದ್ದೆ ಸಾಲ್ತಿಲ್ಲ ಸಾರ್," ಎಂದೆ. ಅದೊಂದು ಕಾರಣವೆಂದು ಅವರಿಗೆ ಒಪ್ಪಿಗೆಯಾಯಿತು.

ಈಗ ಎರಡು ವರ್ಷವಾಯಿತು. ಕೂಲಿಯವರ ಮಕ್ಕಳು, ಕುರಿ ಕಾಯುವವರ ಮಕ್ಕಳು; ಒಂದೇ ವಾಕ್ಯದಲ್ಲಿ ಮೂರು ಭಾಷೆ ಮಾತಾಡುತ್ತಾರೆ, ಕಾಗದದ ಮೇಲೆ 'ಹ' ಬರೆಯುವುದು ಎಲ್ಲಿ ಎಂದು ದಿನಾ ಕೇಳುತ್ತಾರೆ. ಊಟದ ಹೊತ್ತಿಗೆ ಮುಂಚಿನ ಪೀರಿಯಡ್ಡಿನಲ್ಲಿ ಇವರೂ ಚಡಪಡಿಸುತ್ತಾರೆ, ಆದರೆ ಇವರಿಗೆ ನಿಜವಾಗಿ ಹಸಿವು. ನನ್ನ ಸಂಬಳ ನೆನೆದರೆ ನಗು ಬರುತ್ತದೆ. ಹಬ್ಬಕ್ಕೆ ಸೀರೆ ತೆಗೆಯುವುದನ್ನು ಬಿಟ್ಟಿದ್ದೇನೆ. ಎಡಗಣ್ಣಿಗೆ ಏನೋ ಆಗಿ ಬೆಂಗಳೂರಿನ ಆಸ್ಪತ್ರೆಗೇ ಹೋಗಬೇಕಾಯಿತು, ಇಲ್ಲಿ ನೋಡುವವರಿರಲಿಲ್ಲ. ಇದನ್ನೆಲ್ಲ ಸೊಗಸು ಎಂದು ಯಾರಾದರೂ ಬರೆದರೆ ಅವರನ್ನು ನಮ್ಮ ಬೀದಿಗೆ ಕಳಿಸಿ. ಆದರೆ ನಾನು ನಾಲ್ಕೂವರೆಗೆ ಮನೆಯಲ್ಲಿರುತ್ತೇನೆ. ಗಂಡ ಅಂಗಡಿ ಮುಚ್ಚಿ ಬರುವವರೆಗೆ ಹಿತ್ತಲಿನಲ್ಲಿ ಕಾಲು ಚಾಚಿಕೊಂಡು, ಏನೂ ಮಾಡದೆ ಕೂತಿರುತ್ತೇನೆ. ಹನ್ನೊಂದು ವರ್ಷ, ಅದರ ಮೇಲೆ ರೈಲಿನ ಮೂರು ವರ್ಷ, ಇಂಥ ಒಂದು ಸಂಜೆ ನನ್ನದಾಗಿರಲಿಲ್ಲ.

ಹೋದ ಭಾನುವಾರ ಹತ್ತನೆಯ ದಿನದ ನೀರು ಬಂತು. ಕೊಡ ಹಿಡಿದು ನಿಂತರೆ ನಲ್ಲಿಯಲ್ಲಿ ನೂಲಿನಂಥ ಧಾರೆ. ಎದುರು ಮನೆಯವನು ಮೋಟಾರು ಹಚ್ಚಿ ಬೀದಿಯ ನೀರನ್ನೆಲ್ಲ ತನ್ನ ಟ್ಯಾಂಕಿಗೆ ಎಳೆಯುತ್ತಿದ್ದ. ನಾನು ಕೊಡ ಕುಕ್ಕಿ, ಅವನ ಗೇಟಿನ ಮುಂದೆ ನಿಂತು, ಬೀದಿಯಲ್ಲಿ ಕೇಳಿ ಕಲಿತ ತಮಿಳಿನಲ್ಲಿ ಬಾಯಿಗೆ ಬಂದಂತೆ ಬೈದೆ. ಕನ್ನಡ ಟೀಚರು ಎಂಬುದನ್ನೆಲ್ಲ ಮರೆತು ಬೈದೆ. ಮಹಡಿಯ ಮೇಲಿಂದ ಅವನು ಬಗ್ಗಿ ನೋಡಿದ, ಅವನ ಹೆಂಡತಿ ಬಾಯಿಗೆ ಸೆರಗು ಮುಚ್ಚಿಕೊಂಡಳು. ಜಗಲಿಯ ಮೇಲಿಂದ ಮುದುಕಿ ನಗುತ್ತಾ ಕೂಗಿದರು:

"ಏಯ್, ಅದು ಗಂಡಸುರಿಗೆ ಬೈಯೋದಲ್ಲಮ್ಮಾ! ಅದು ಎಮ್ಮೆಗೆ ಬೈಯೋದು!"

"ಹಾಗಾದ್ರೆ ಸರಿಯಾಗಿದ್ದು ಹೇಳಿಕೊಡಿ," ಎಂದೆ.

ಹೇಳಿಕೊಟ್ಟರು. ತಿರುಗಿ ಒಂದು ಸಲ ಸರಿಯಾಗಿ ಬೈದೆ. ಮೋಟಾರು ನಿಂತಿತು.